ನೀಲಿ ಮಣಿ ತಣ್ಣಗಾಗುವವರೆಗೆ

ನಮ್ಮ ಮನೆಯಲ್ಲಿ ಬಳೆ ಒಡೆಯಿತು ಎಂದು ಯಾರೂ ಅನ್ನುವಂತಿರಲಿಲ್ಲ, ಹೆಚ್ಚಾಯಿತು ಅನ್ನಬೇಕಿತ್ತು. ಅಪ್ಪ ಬಳೆಗಾರ. ಬೀದರಿನ ಮೈಲೂರಿನಲ್ಲಿ ನಮ್ಮದು ಕೆಂಪು ಕಲ್ಲಿನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡು ಹೊದಿಸಿದ ಪಡಸಾಲೆ. ಮುಂದಿನ ಕೋಣೆಯಲ್ಲಿ ನಮಗಿಂತ ಬಳೆಗಳಿಗೇ ಮರ್ಯಾದೆ ಹೆಚ್ಚು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ದಾರಕ್ಕೆ ಪೋಣಿಸಿದ ಬಳೆಗಳು, ನಡುವೆ ಒಬ್ಬರು ಓರೆಯಾಗಿ ಹೋಗುವಷ್ಟು ದಾರಿ. ಇವತ್ತಿಗೂ ನಾನು ಯಾರ ಮನೆಗೆ ಹೋದರೂ ಬಾಗಿಲಲ್ಲಿ ಹೆಗಲು ಓರೆ ಮಾಡಿಕೊಂಡೇ ಒಳಗೆ ಹೋಗುತ್ತೇನೆ. ಸೊಸೆ ನೋಡಿ ನಗುತ್ತಾಳೆ. ಅಪ್ಪ ವಾರದಲ್ಲಿ ಒಂದು ದಿನ ಭಾಲ್ಕಿ, ಒಂದು ದಿನ ಔರಾದ, ನಡುವೆ ಹಲಬರ್ಗಾ ಎಂದು ಸುತ್ತಿ ಬರುತ್ತಿದ್ದ. ಬಸ್ಸಿನ ಕುಲುಕಾಟಕ್ಕೆ ಹೆಚ್ಚಾದ ಬಳೆಗಳೆಲ್ಲ ಒಂದು ಗೋಣಿಚೀಲ ತುಂಬಿಕೊಂಡು ಅವನ ಜೊತೆಗೇ ಬರುತ್ತಿದ್ದವು. ಬೇರೆ ಬಳೆಗಾರರ ಮನೆಯಲ್ಲಿ ಆ ಚೀಲ ಗುಜರಿಗೆ ಹೋಗುತ್ತದೆ. ನಮ್ಮಲ್ಲಿ ಅದು ಹಿಂದಿನ ಪಡಸಾಲೆಗೆ, ಅವ್ವನ ಹತ್ತಿರ ಹೋಗುತ್ತಿತ್ತು.

ಅವ್ವನಿಗೆ ಈ ಹುಚ್ಚು ಹಿಡಿಸಿದವರು ನಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದ ಒಬ್ಬ ಮುದುಕರು. ಕಾಲೇಜಿನ ಪ್ರಯೋಗಶಾಲೆಗಳ ಗಾಜಿನ ನಳಿಗೆಗಳನ್ನು ಕಾಸಿ ಬೆಸೆದು ಕೊಡುವುದು ಅವರ ಕಸುಬು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಕಣ್ಣು ಮಂಜಾದ ಮೇಲೆ ಅವರು ಮಗಳ ಮನೆಗೆಂದು ಹೈದರಾಬಾದಿಗೆ ಹೊರಟರು. ಹೊರಡುವ ಮುಂಚೆ ಎರಡು ತಿಂಗಳು ಅವ್ವನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಹೋಗುವಾಗ ಹಿತ್ತಾಳೆಯ ದೀಪವನ್ನೂ ಕಾಲಿನಿಂದ ಒತ್ತುವ ತಿದಿಯನ್ನೂ ಬಿಟ್ಟುಹೋದರು. ಅವರು ಕಲಿಸಿದ ಪಾಠದಲ್ಲಿ ನನಗೆ ನೆನಪಿರುವುದು ಒಂದೇ ಮಾತು.

“ಬೇಟಾ, ಕಾಂಚ್ ಕು ಜಲ್ದಿ ನಕ್ಕೊ.”

ಗಾಜಿಗೆ ಅವಸರ ಬೇಡ ಅಂತ. ನಾನು ಆಗ ಏಳು ವರ್ಷದವಳು. ಅವಸರ ಬಿಟ್ಟರೆ ನನ್ನಲ್ಲಿ ಬೇರೇನೂ ಇರಲಿಲ್ಲ.

ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಅಪ್ಪ ಚೀಲ ಹೊತ್ತು ಹೋದ ಮೇಲೆ ಅವ್ವ ದೀಪದ ಮುಂದೆ ಕೂರುತ್ತಿದ್ದಳು. ದೀಪಕ್ಕೆ ಚಿಮಣಿ ಎಣ್ಣೆ. ತಿದಿ ಒತ್ತಿದರೆ ಗಾಳಿ ಸಣ್ಣ ನಳಿಗೆಯಿಂದ ಬಂದು, ಮೇಲಕ್ಕೆ ಏಳುತ್ತಿದ್ದ ಹಳದಿ ಉರಿಯನ್ನು ಅಡ್ಡಕ್ಕೆ ಮಲಗಿಸಿ ಚೂಪು ಮಾಡುತ್ತಿತ್ತು. ಬಳೆಯ ಒಂದು ಚೂರಿನ ತುದಿಗೆ ಇನ್ನೊಂದು ಚೂರು ಕಾಸಿ ಅಂಟಿಸಿ, ಎಳೆದು, ಅವ್ವ ಪೆನ್ಸಿಲಿನಷ್ಟು ಉದ್ದದ ಗಾಜಿನ ಕಡ್ಡಿ ಮಾಡುವಳು. ಆಮೇಲೆ ಎಡಗೈಯಲ್ಲಿ ಸೈಕಲ್ಲಿನ ಗಾಲಿಯಿಂದ ಬಿಚ್ಚಿದ ತಂತಿ, ಬಲಗೈಯಲ್ಲಿ ಗಾಜು. ಗಾಜಿನ ತುದಿ ಬೆಲ್ಲದ ಪಾಕದಂತೆ ಇಳಿಯತೊಡಗಿದಾಗ ಅದನ್ನು ತಂತಿಗೆ ತಾಕಿಸಿ, ತಂತಿಯನ್ನು ತಿರುಗಿಸುತ್ತ ತಿರುಗಿಸುತ್ತ ಸುತ್ತುವಳು. ಒಂದು ಕ್ಷಣ ತಿರುಗುವುದು ನಿಂತರೂ ಮಣಿ ಒಂದು ಕಡೆ ಜೋತುಬೀಳುತ್ತದೆ. ನನ್ನನ್ನು ಬಾಯಿ ತೆರೆದು ಕೂರುವಂತೆ ಮಾಡುತ್ತಿದ್ದದ್ದು ಬಣ್ಣ. ಕೆಂಪು ಬಳೆಯ ಗಾಜು ಉರಿಯಲ್ಲಿ ಕಪ್ಪಾಗುತ್ತಿತ್ತು, ಹಳದಿಯದು ರಕ್ತದ ಹಾಗೆ ಕೆಂಪಗಾಗುತ್ತಿತ್ತು. ಮರುದಿನ ತಣ್ಣಗಾಗಿ ಹೊರಬಂದಾಗ ಕೆಂಪು ಕೆಂಪಾಗಿಯೇ, ಹಳದಿ ಹಳದಿಯಾಗಿಯೇ ಇರುತ್ತಿತ್ತು. ಹೋದ ಬಣ್ಣ ಎಲ್ಲಿಗೆ ಹೋಗಿತ್ತು, ಯಾವ ಹೊತ್ತಿನಲ್ಲಿ ತಿರುಗಿ ಬಂತು, ಅದನ್ನು ಯಾರೂ ನೋಡುವಂತಿರಲಿಲ್ಲ. ಮಣಿ ಬಿಸಿ ಇರುವಾಗಲೇ ತಂತಿಯ ಸಮೇತ ಬೂದಿಯ ಗಡಿಗೆಗೆ ಹೋಗುತ್ತಿತ್ತು. ಪಡಸಾಲೆಯಲ್ಲೇ ಕೆಂಡದ ಮೇಲೆ ಕುಳಿತ ಮಣ್ಣಿನ ಗಡಿಗೆ, ಅದರ ತುಂಬ ಜರಡಿ ಹಿಡಿದ ಸಗಣಿ ಕುಳ್ಳಿನ ಬೂದಿ. ಮರುದಿನ ಮಧ್ಯಾಹ್ನದವರೆಗೆ ಮುಚ್ಚಳ ತೆಗೆಯುವಂತಿಲ್ಲ. ಗಾಳಿ ತಾಕಿದರೆ ಮೈ ತಣ್ಣಗಾಗಿ ಒಳಗೆ ಬಿಸಿ ಉಳಿದು ಮಣಿ ಸೀಳುತ್ತದೆ. ದೇವರ ಕೋಣೆಯ ಮುಂದೆ ಹೋಗುವಾಗಲೂ ನಾನು ಕುಣಿಯುತ್ತ ಹೋಗುತ್ತಿದ್ದೆ, ಆ ಗಡಿಗೆಯ ಮುಂದೆ ಮಾತ್ರ ಮೆಲ್ಲಗೆ ನಡೆಯುತ್ತಿದ್ದೆ.

ಬರಿಯ ತಂತಿಗೆ ಗಾಜು ಸುತ್ತಿದರೆ ಅದು ಜನ್ಮದಲ್ಲಿ ಬಿಡುವುದಿಲ್ಲ. ನಡುವೆ ಏನಾದರೂ ಲೇಪ ಬೇಕು. ಚಾಚಾ ತಮ್ಮ ಡಬ್ಬಿಯ ಬಿಳಿ ಪುಡಿ ಬಳಸುತ್ತಿದ್ದರು, ಅದು ಒಂದು ವರ್ಷಕ್ಕೆ ಮುಗಿಯಿತು. ಅವ್ವ ಮನೆಯ ಹಿಂದಿನ ಕೆಂಪು ಮಣ್ಣು ಕಲಸಿ ನೋಡಿದಳು, ಅದು ಗಾಜನ್ನು ಹಿಡಿದುಕೊಂಡು ಮಣಿಯ ತೂತೆಲ್ಲ ಕೆಂಪಾಯಿತು. ಕಮಠಾಣದ ಹೊಲದ ಎರೆಮಣ್ಣು ತರಿಸಿದಳು, ಅದು ಉರಿಯಲ್ಲಿ ಹೊಟ್ಟಿನಂತೆ ಎದ್ದು ಬಂತು. ನನ್ನ ಸಾಲೆಯ ಸುಣ್ಣದ ಕಡ್ಡಿಯನ್ನೂ ಬಿಡಲಿಲ್ಲ. ಕೊನೆಗೆ ಒಂದು ದಿನ ಆಯಿಯ ವಿಭೂತಿ ಗಟ್ಟಿಯ ಒಂದು ಮೂಲೆ ಮುರಿದು, ಮಣ್ಣಿನ ಜೊತೆ ಅರೆದು ತಂತಿಗೆ ಬಳಿದಳು. ಆಯಿ ಅಪ್ಪನ ತಾಯಿ. ದಿನಾ ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿಯೇ ಬಾಯಿಗೆ ನೀರು ಬಿಡುತ್ತಿದ್ದವಳು. ಗಟ್ಟಿಯ ಮೂಲೆ ಹೋಗಿದ್ದು ಅವಳಿಗೆ ಕಾಣದೆ ಇರುತ್ತದೆಯೇ.

“ಗುರಮ್ಮ, ವಿಭೂತಿ ಹಣಿಗಿ ಹಚ್ಚೋದು. ಸೈಕಲ್ ತಂತಿಗಿ ಎಂದಾರ ಹಚ್ಚತಾರೇನು?”

“ತಪ್ಪಾತ್ರಿ ಅತ್ತಿ. ಖರೆ, ಮಣಿ ಮಾತ್ರ ಹೂವಿನ್ಹಂಗ ಜಾರಿ ಬಂತ್ರಿ.”

ಮೂರು ದಿನ ಆಯಿ ಅವ್ವನ ಜೊತೆ ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ನನ್ನ ಮೂಲಕ ಕೇಳಿಸುತ್ತಿದ್ದಳು, ಅವ್ವ ಎದುರಿಗೇ ನಿಂತಿದ್ದರೂ. ನಾಲ್ಕನೆಯ ದಿನ ಪೂಜೆ ಮುಗಿಸಿ ಬಂದು, ಒಂದು ಇಡೀ ಗಟ್ಟಿಯನ್ನು ದೀಪದ ಪಕ್ಕ ಇಟ್ಟಳು.

“ನಿನ್ನ ಕಾಯಕಕ್ಕ ಬೇಕಾಗ್ಯಾದ ಅಂದ್ರ ತಗೋ. ಕೇಳಿ ತಗೋಬೇಕಿತ್ತು, ಅಷ್ಟ.”

ಅಂದಿನಿಂದ ನಮ್ಮ ಮನೆಯ ಮಣಿಗಳ ತೂತಿನೊಳಗೆ ವಿಭೂತಿ ಇರುತ್ತಿತ್ತು. ನಾನು ಈಗಲೂ ಅದನ್ನೇ ಬಳಸುತ್ತೇನೆ, ಕೇಳಿಯೇ ತಗೊಳ್ಳುತ್ತೇನೆ.

ಅವ್ವನಿಗೆ ಓದುಬರಹ ಬರುತ್ತಿರಲಿಲ್ಲ. ಅದಕ್ಕೆ ಅವಳು ಕೆಟ್ಟ ಮಣಿಗಳನ್ನು ಎಸೆಯದೆ ಒಂದು ದಾರಕ್ಕೆ ಪೋಣಿಸುತ್ತಿದ್ದಳು. ಯಾವುದು ಮಣ್ಣು ಹಿಡಿದು ಕೆಟ್ಟದ್ದು, ಯಾವುದು ಎರಡು ಗಾಜು ಬೆರೆಸಿ ಸೀಳಿದ್ದು, ಯಾವುದು ಗಡಿಗೆ ಆರಿಹೋಗಿ ಕೆಟ್ಟದ್ದು, ಎಲ್ಲವೂ ಸಾಲಾಗಿ, ನಡುನಡುವೆ ಗಂಟು. ಗೂಟಕ್ಕೆ ತೂಗುಹಾಕಿದ ಆ ದಾರವನ್ನು ಬೆರಳಲ್ಲಿ ಸರಿಸುತ್ತ ಅವಳು ಓದುತ್ತಿದ್ದಳು. ನಾನು ಸಾಲೆಯಲ್ಲಿ ಪುಸ್ತಕ ಓದುವುದಕ್ಕಿಂತ ಅವಳು ಅದನ್ನು ಚೆನ್ನಾಗಿ ಓದುತ್ತಿದ್ದಳು. ಬರಿಯ ತಪ್ಪುಗಳನ್ನೇ ಇಷ್ಟು ಜೋಪಾನವಾಗಿ ಇಟ್ಟುಕೊಂಡ ಮನುಷ್ಯರನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪನಿಗೆ ದೀಪದ ಮೇಲೆ ಸಿಟ್ಟೇನೂ ಇರಲಿಲ್ಲ, ಭಯವಿತ್ತು. ಒಮ್ಮೆ ಕಿಡಿ ಸಿಡಿದು ಗೋಣಿಚೀಲ ಹೊತ್ತಿಕೊಂಡಿತ್ತು. ಮುಂದಿನ ಕೋಣೆಯಲ್ಲಿ ಹುಲ್ಲು ಹಾಸಿದ ಪೆಟ್ಟಿಗೆಗಳು. ಹೊಗೆಗೆ ಅವ್ವನ ಕಣ್ಣು ಸದಾ ಕೆಂಪು. ಹೀಗಿರುವಾಗ ಅಪ್ಪ ಔರಾದದಿಂದ ಒಂದು ಮಾತು ತಂದ. ಅಲ್ಲಿ ಅವನ ಹತ್ತಿರ ಬಳೆ ಇಡಿಸಿಕೊಳ್ಳುವ ಒಬ್ಬ ಟೀಚರಬಾಯಿ ಇದ್ದರು, ಬೌದ್ಧರು. ಅವರ ಮಗಳ ಮದುವೆ ಗೊತ್ತಾಗಿತ್ತು. ಹುಡುಗಿಗೆ ಕರಿಮಣಿ ಬೇಡವಂತೆ. ಬಿಳಿ ಸೀರೆಯ ಮೇಲೆ ನೀಲಿ ಮಣಿಯ ಸರ ಬೇಕು, ಅದೂ ಕೈಯಿಂದ ಮಾಡಿದ ನಲವತ್ತು ಮಣಿ ಬೇಕು ಎಂದಿದ್ದಳಂತೆ. ಅಪ್ಪ ಭಾಲ್ಕಿಯ ಒಂದು ಹಳೆಯ ಔಷಧಿ ಅಂಗಡಿಯಿಂದ ಮೂರು ನೀಲಿ ಬಾಟಲಿ ಹುಡುಕಿ ತಂದಿದ್ದ. ಬಾಟಲಿಗಳನ್ನು ಅವ್ವನ ಮುಂದೆ ಇಟ್ಟು ಹೇಳಿದ:

“ಈ ಸರ ಆತಂದ್ರ ದೀಪ ಇರ್ಲಿ, ನಾ ಇನ್ನ ಎಂದೂ ಬ್ಯಾಡ ಅನ್ನಾಂಗಿಲ್ಲ. ಆಗಲಿಲ್ಲಂದ್ರ ದೀಪ ತಗದು ಅಲ್ಲಿ ಪೆಟ್ಟಗಿ ಇಡೂಣು. ಮನಿ ಸುಟ್ಟ ಮ್ಯಾಲ ಅತ್ರ ಏನ್ ಬರ್ತದ?”

“ಆತ್ರಿ,” ಎಂದಳು ಅವ್ವ. ಅವಳು ಎರಡನೆಯ ಮಾತು ಆಡುವವಳಲ್ಲ.

ಮೊದಲ ಬಾಟಲಿಯಿಂದ ಅವ್ವ ಹನ್ನೆರಡು ಮಣಿ ಮಾಡಿದಳು. ಉರಿಯಲ್ಲಿ ಕೆಂಡದ ಬಣ್ಣ, ಹೊರಗೆ ತೆಗೆದರೆ ಕಪ್ಪು. ನೀಲಿಯ ಸುಳಿವೇ ಇಲ್ಲ. ಹನ್ನೆರಡನ್ನೂ ಬೂದಿಗೆ ಇಳಿಸಿ, ಮುಚ್ಚಳ ಹಾಕಿ, ಅವ್ವ ನಳದ ನೀರಿಗೆ ಹೋದಳು. ಆಯಿ ಪೂಜೆಗೆ ಕೂತಿದ್ದಳು. ನಾನು ಗಡಿಗೆಯ ಮುಂದೆ ನಿಂತೆ. ಆ ಕಪ್ಪಿನೊಳಗೆ ನೀಲಿ ಬರುವುದನ್ನು ಒಂದು ಸಲ, ಒಂದೇ ಸಲ ನೋಡಬೇಕಿತ್ತು. ಮುಚ್ಚಳ ತೆಗೆದು ಒಂದು ತಂತಿ ಎಳೆದುಕೊಂಡು ಅಂಗಳದ ಬಿಸಿಲಿಗೆ ಓಡಿದೆ. ಕಂಡಿತು. ಅಂಚಿನಿಂದ ಒಳಗೆ, ಹೊತ್ತು ಮೂಡುವ ಮುಂಚಿನ ಆಕಾಶದಂತೆ, ಕಪ್ಪು ಹಿಂದೆ ಸರಿದು ನೀಲಿ ತುಂಬಿಕೊಂಡಿತು. ನನ್ನ ಜೀವಮಾನದಲ್ಲಿ ಅಂಥ ನೀಲಿ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಆಮೇಲೆ ಟಿಕ್ ಎಂದು ಸಣ್ಣ ಸದ್ದಾಯಿತು, ಮಣಿಯ ನಡುವೆ ಕೂದಲೆಳೆಯಷ್ಟು ಗೆರೆ ಬಿತ್ತು. ಇದೊಂದೇ ಹೀಗಾಗಿರಬೇಕು ಎಂದುಕೊಂಡು ಇನ್ನೊಂದನ್ನು ತೆಗೆದು ನೋಡಿದೆ. ಅದೂ ಟಿಕ್ ಎಂದಿತು. ಮುಂದಿನದಾದರೂ ಚೆನ್ನಾಗಿರುತ್ತದೆ, ಮುಂದಿನದಾದರೂ ಎಂದು ಹನ್ನೆರಡನ್ನೂ ತೆಗೆದೆ. ಈಗ ನೆನೆದರೆ ನಗು ಬರಬೇಕು, ಬರುವುದಿಲ್ಲ. ಎಲ್ಲವನ್ನೂ ಇದ್ದಲ್ಲಿಯೇ ಚುಚ್ಚಿ, ಬೂದಿ ಸಮ ಮಾಡಿ, ಮುಚ್ಚಳ ಹಾಕಿ, ಪಾಟಿ ಹಿಡಿದು ಓದಲು ಕೂತೆ.

ಮರುದಿನ ಮಧ್ಯಾಹ್ನ ಅವ್ವ ಮಣಿಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಮೇಲೆ ಹಾಕಿಕೊಂಡಳು. ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

“ಬಾಟ್ಲಿ ಗಾಜು ಸುಳ್ಳು ಅದ. ಮಣಿ ಆಗೋ ಗಾಜಲ್ಲ ಇದು.”

ಹನ್ನೆರಡನ್ನೂ ದಾರಕ್ಕೆ ಪೋಣಿಸಿ ಗಂಟು ಹಾಕಿದಳು. ನಾನು ನೋಡುತ್ತ ಕೂತಿದ್ದೆ.

ಅದರ ಮುಂದಿನ ಮೂರು ವಾರ ಅವ್ವ ಪಟ್ಟ ಪಾಡು ನನ್ನಿಂದ ಆದದ್ದು. ಬಾಟಲಿಯ ಗಾಜು ಕೆಟ್ಟದ್ದು ಎಂದು ನಂಬಿ, ಉಳಿದ ಎರಡು ಬಾಟಲಿಗಳನ್ನು ಪಕ್ಕಕ್ಕೆ ಇಟ್ಟು, ಬೇರೆ ದಾರಿ ಹುಡುಕಿದಳು. ಪೇಟೆಯ ನೀಲಿ ಬಳೆ ಕಾಸಿದಳು, ನೀಲಿ ಬರಿ ಮೇಲಿನ ಬಣ್ಣ, ಉರಿಯಲ್ಲಿ ಸುಟ್ಟು ಹೋಗಿ ಬಿಳಿ ಗಾಜು ಉಳಿಯಿತು. ಬಿಳಿ ಬಳೆಯ ಮಣಿಯ ಮೇಲೆ ಮೊದಲ ಬಾಟಲಿಯಲ್ಲಿ ಉಳಿದಿದ್ದ ನೀಲಿ ಚೂರನ್ನು ತೆಳ್ಳಗೆ ಸುತ್ತಿದಳು. ಎರಡು ಗಾಜೂ ಉರಿಯಲ್ಲಿ ಒಂದಾದಂತೆ ಕಂಡು, ತಣ್ಣಗಾಗುವಾಗ ಒಂದೊಂದು ಅಳತೆಗೆ ಕುಗ್ಗಿ, ಗಡಿಗೆಯೊಳಗೇ ಬಿರಿದವು. ಹಸಿರು ಬಳೆಯ ಜೊತೆ ಬೆರೆಸಿದಳು, ಅದೂ ಬಿರಿಯಿತು. ದಾರ ಉದ್ದವಾಗುತ್ತ ಹೋಯಿತು. ಒಡೆದ ಆ ಹನ್ನೆರಡನ್ನೇ ಬಿಸಿಲಿಗೆ ಹಿಡಿದು ಹಿಡಿದು ಅವಳು ಒಂದು ಸಂಗತಿ ಮಾತ್ರ ಕಂಡುಕೊಂಡಳು. ಮಣಿ ಕಡಲೆಕಾಳಿನಷ್ಟು ದಪ್ಪವಾದರೆ ಕಪ್ಪಾಗಿ ಕಾಣುತ್ತದೆ, ಜೋಳದ ಕಾಳಿನಷ್ಟಿದ್ದರೆ ನೀಲಿ ಬಿಡುತ್ತದೆ. ಆದರೆ ಅದು ಈಗ ಯಾವ ಉಪಯೋಗಕ್ಕೂ ಇಲ್ಲ ಎಂದುಕೊಂಡಳು. ರಾತ್ರಿ ಊಟಕ್ಕೆ ಕೂತರೆ ಅವಳ ಕೈ ತುತ್ತು ಹಿಡಿಯುವಾಗಲೂ ತಂತಿ ತಿರುಗಿಸುವಂತೆ ಆಡುತ್ತಿತ್ತು. ಅದನ್ನು ನೋಡಿಯೂ ನಾನು ನಿಜ ಮುಚ್ಚಿಟ್ಟೆ. ಹೇಳಿದರೆ ಬಡಿತ ಬೀಳುತ್ತದೆ ಎಂಬ ಹೆದರಿಕೆಯಲ್ಲ ಅದು. ಹೇಳಿದರೆ ಅವ್ವ ನನ್ನನ್ನು ದೀಪದ ಹತ್ತಿರ ಕೂರಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆ.

ಮದುವೆಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಪುಂಡಿಪಲ್ಯ ರೊಟ್ಟಿ ಊಟ ಮಾಡುತ್ತ ಅಪ್ಪ ಹೇಳಿದ:

“ಆ ಎರಡು ಬಾಟ್ಲಿ ಚೀಲದಾಗ ಹಾಕು. ಇವತ್ತ ಭಾಲ್ಕಿ ಗುಜರಿಗಿ ಕೊಡ್ತೇನಿ. ನಾಳಿ ಔರಾದಕ್ಕ ಹೋಗಿ ಟೀಚರ ಬಾಯಾರಿಗಿ ಆಗಲಿಲ್ಲ ಅಂತ ಹೇಳ್ತೇನಿ. ಬಂದ ಮ್ಯಾಲ ದೀಪ ತಗಿಯೂಣು.”

ಅವ್ವ ಎದ್ದು ಬಾಟಲಿಗಳನ್ನು ತಂದಳು. ಅವುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿದಳು, ಮಲಗಿದ ಕೂಸನ್ನು ಸುತ್ತುವ ಹಾಗೆ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

“ಅವ್ವಾ, ಆ ಗಾಜು ಚಲೋ ಅದ. ನಾನೇ ಗಡಿಗಿ ತಗದು ನೋಡಿದ್ದೆ. ಬಿಸಿ ಇದ್ದಾಗ. ಹನ್ನೆರಡೂ ತಗದೆ.”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆಯಿ, “ಕೂಸು ಅದು ಗುರಮ್ಮ, ಬಿಡು,” ಎಂದಳು. ಅವ್ವ ಪಡಸಾಲೆಗೆ ಹೋಗಿ, ಗೂಟದ ದಾರ ತಂದು ನನ್ನ ಮುಂದೆ ಹಾಸಿದಳು.

“ಇದರಾಗ ಯಾವ್ಯಾವ ಮುಟ್ಟೀದಿ ತೋರಸು.”

“ಈ ಹನ್ನೆರಡ. ಉಳದದ್ದು ಮುಟ್ಟಿಲ್ಲ ಅವ್ವಾ.”

“ಖರೆ?”

“ಖರೆ.”

“ಮಣಿ ಹೋದದ್ದಕ್ಕ ನನಗ ಸಿಟ್ಟಿಲ್ಲ ಸಂಗೂ. ಮಣಿ ಮತ್ತ ಮಾಡ್ತೇನಿ. ಗಾಜು ಚಲೋ ಇತ್ತು, ನಾ ಅದಕ್ಕ ಸುಳ್ಳು ಅಂದೆ. ನೀ ಕೇಳ್ಕೋತ ಕುಂತಿ.”

ಅವಳು ಹಲ್ಲಿನಿಂದ ದಾರ ಕಡಿದು, ಆ ಹನ್ನೆರಡನ್ನು ಬಿಚ್ಚಿ ತೆಗೆದು, ಉಳಿದದ್ದನ್ನು ಮತ್ತೆ ಗಂಟು ಹಾಕಿದಳು. ನನಗೆ ಅಂದು ಬಡಿತ ಬೀಳಲಿಲ್ಲ. ಬಿದ್ದಿದ್ದರೆ ಸಂಜೆಗೆ ಮರೆಯುತ್ತಿದ್ದೆ. ಆ ನಾಲ್ಕು ಮಾತು ಐವತ್ತು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಅವ್ವ ಬೆಳಕು ಹರಿಯುತ್ತಲೇ ಕೂತಳು. ಸೈಕಲ್ಲಿನ ಹಿಂದಿನ ಗಾಲಿಯ ನಲವತ್ತೂ ತಂತಿಗೆ ವಿಭೂತಿ ಬಳಿದು ಒಣಗಿಸಿದ್ದಳು. ನನ್ನನ್ನು ತಿದಿಯ ಮೇಲೆ ಕಾಲಿಡಲು ಹೇಳಿದಳು. ಅದೇ ಮೊದಲ ಸಲ. ಜೋರಾಗಿ ಒತ್ತಿದರೆ ಉರಿ ನಡುಗುತ್ತಿತ್ತು, ಮೆಲ್ಲಗಾದರೆ ಹಳದಿಯಾಗಿ ಹೊಗೆ ಬಿಡುತ್ತಿತ್ತು. ಅವ್ವನ ಉಸಿರು ನೋಡಿಕೊಂಡು ನಾನು ಕಾಲು ಒತ್ತುತ್ತಿದ್ದೆ. ಒಂದೊಂದೇ ಜೋಳದ ಕಾಳಿನಷ್ಟು ಮಣಿ, ಕೆಂಡದಂತೆ ಹೊಳೆದು, ಕಪ್ಪಾಗಿ, ಬೂದಿಗೆ ಇಳಿಯಿತು. ಅವಳ ಬೆರಳುಗಳು ಆ ಹೊತ್ತಿನಲ್ಲಿ ಎಷ್ಟು ನಿಧಾನವಾಗಿದ್ದವೆಂದರೆ ನನಗೆ ಉಸಿರಾಡುವುದೂ ಅವಸರ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ನಲವತ್ತಾಯಿತು, ಎರಡೂ ಬಾಟಲಿ ಮುಗಿದವು. ಇನ್ನೊಂದು ಸಲಕ್ಕೆ ಗಾಜು ಇರಲಿಲ್ಲ.

“ನಾಳಿ ಮಧ್ಯಾಹ್ನದ ತನಕ ಗಡಿಗಿ ನಿಂದು,” ಎಂದಳು ಅವ್ವ. “ನಾ ನೋಡಾಂಗಿಲ್ಲ.”

ಕಳ್ಳಿಯ ಕೈಗೇ ಕೀಲಿ ಕೊಟ್ಟಂತಾಯಿತು. ನಾನು ಅಲ್ಲಿಂದ ಏಳಲಿಲ್ಲ. ಊಟ ಅಲ್ಲಿಗೇ ಬಂತು, ನಿದ್ದೆಯೂ ಅಲ್ಲಿಯೇ ಬಂತು, ಮರುದಿನ ಸಾಲೆಗೂ ಹೋಗಲಿಲ್ಲ. ಮಧ್ಯಾಹ್ನವಾಯಿತು. ಅಪ್ಪ ಔರಾದದ ಬಸ್ಸಿಗೆಂದು ಟೊಪ್ಪಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಂದು ನಿಂತ. ಆಯಿ ಪೋಣಿಸಲು ರೇಷ್ಮೆ ದಾರ ಹಿಡಿದು ಕೂತಿದ್ದಳು. ಅವ್ವ ಬಂದು, “ತಗಿ,” ಎಂದಳು.

ನಾನು ಗಡಿಗೆಯ ಹೊಟ್ಟೆಗೆ ಅಂಗೈ ಇಟ್ಟು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ತಣ್ಣಗಿರಬೇಕಾದ ಗಡಿಗೆ ಬಿಸಿಯಾಗಿತ್ತು.

“ಅವ್ವಾ, ಇನ್ನಾ ಬಿಸಿ ಅದ.”

ಆಯಿ ದಾರ ಮಡಚುತ್ತ, ಯಾರನ್ನೂ ನೋಡದೆ ಹೇಳಿದಳು:

“ಮುಂಜಾನಿ ಕೂಸಿಗಿ ಕಣ್ಣು ಹತ್ತಿತ್ತು. ಗಡಿಗಿ ಆರಬಾರದು ಅಂತ ನಾನೇ ಎರಡು ಕುಳ್ಳಿನ ಕೆಂಡ ಹಾಕ್ದೆ. ಬಿಸಿ ಇದ್ರ ಚಲೋ ಅಂತಿದ್ರೆಲ್ಲಾ.”

ಅವ್ವ ಹಣೆ ಒತ್ತಿಕೊಂಡಳು. ಅಪ್ಪ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ.

“ಬಸ್ ಹೋಗ್ತದ ಸಂಗೂ. ಮದುವಿ ನಾಡದು. ಅಲ್ಲಿ ಬಾಯಾರು ಜೀವಾ ಕೈಯಾಗ ಹಿಡಕೊಂಡು ಕುಂತಾರ. ಸ್ವಲ್ಪ ಬೆಚ್ಚಗಿದ್ರ ಏನಾಗ್ತದ, ತಗಿ.”

ಒಂಬತ್ತು ವರ್ಷದ ಹುಡುಗಿ ಅಪ್ಪನಿಗೆ ಇಲ್ಲ ಎನ್ನುವ ಮನೆ ಅಲ್ಲ ನಮ್ಮದು. ಆದರೂ ಎರಡೂ ಕೈಯನ್ನು ಮುಚ್ಚಳದ ಮೇಲೆ ಇಟ್ಟು ಕೂತೆ.

“ತಗಿಯಾಂಗಿಲ್ಲಪ್ಪಾ. ಸೀಳತಾವ. ನಾ ನೋಡೀನಿ.”

ಅಪ್ಪ ಅವ್ವನ ಕಡೆ ತಿರುಗಿದ. ಅವಳು ಬಾಗಿ ಗಡಿಗೆಯನ್ನು ಮುಟ್ಟಿ ನೋಡಬಹುದಿತ್ತು. ನೋಡಲಿಲ್ಲ.

“ನಾಳಿ ಮೊದಲ ಬಸ್ಸಿಗಿ ಹೋಗ್ರಿ. ಗಡಿಗಿ ಅಕಿದು. ಅಕಿ ಬ್ಯಾಡ ಅಂದ್ಲಂದ್ರ ಬ್ಯಾಡ.”

ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ಪಡಸಾಲೆಯ ಮೆಟ್ಟಿಲ ಮೇಲೆ ಕೂತ. ಸಂಜೆ ಐದಾಯಿತು, ಆರಾಯಿತು. ಗಡಿಗೆ ನನ್ನ ಅಂಗೈಯಷ್ಟೇ ತಣ್ಣಗಾದಾಗ ನಾನು ಮುಚ್ಚಳ ತೆಗೆದೆ. ಒಂದೊಂದು ತಂತಿಯನ್ನೂ ಎಳೆದು, ಬೂದಿ ಒರೆಸಿ, ಮಣಿಯನ್ನು ತಿರುಚಿ ಜಾರಿಸಿ ಆಯಿಯ ಅಂಗೈಗೆ ಹಾಕಿದೆ. ಇಳಿಹೊತ್ತಿನ ಬಿಸಿಲು ಪಡಸಾಲೆಯೊಳಗೆ ಅಡ್ಡ ಬಿದ್ದಿತ್ತು. ಲಿಂಗ ಇಡುವ ಆ ಅಂಗೈಯ ಮೇಲೆ ಕುಳಿತ ಮಣಿಗಳು ಕೆಳಗಿನ ಸುಕ್ಕುಗಳ ಮೇಲೆಲ್ಲ ನೀಲಿ ಚೆಲ್ಲಿದವು. ಯಾವುದರಲ್ಲೂ ಗೆರೆ ಇರಲಿಲ್ಲ. ಇಪ್ಪತ್ತನೆಯದಕ್ಕೆ ಬರುವ ಹೊತ್ತಿಗೆ ಅಪ್ಪ ಮೆಟ್ಟಿಲಿಂದ ಎದ್ದು ಹತ್ತಿರ ಬಂದಿದ್ದ. ನಲವತ್ತನೆಯದನ್ನು ತೆಗೆದಾಗ ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಲಕ್ಷ ಬಳೆ ಮಾರಿದ ಮನುಷ್ಯ ಗಾಜನ್ನು ಮೊದಲ ಸಲ ನೋಡುವಂತೆ ನೋಡಿದ.

ಬೆಳಿಗ್ಗೆ ಸರವನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು ಹೊರಟವನು ಬಾಗಿಲಲ್ಲಿ ನಿಂತ.

“ಯಾರ್ ಮಾಡಿದ್ದು ಅಂತ ಬಾಯಾರು ಕೇಳ್ತಾರ. ಏನ್ ಹೇಳ್ಲಿ?”

ಅವ್ವ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

“ಇಬ್ರು ಮಾಡ್ಯಾರ ಅಂತ ಹೇಳ್ರಿ.”